ಕೊಡದೆ ಉಳಿದ ರಾಜೀನಾಮೆ ಪತ್ರ

ಕಳೆದ ವರ್ಷ ಇದೇ ತಿಂಗಳು ರಾಜೀನಾಮೆ ಪತ್ರವೊಂದನ್ನು ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಮೂರು ವಾರ ಅದು ಊಟದ ಡಬ್ಬಿಯ ಜೊತೆ ಮನೆಗೂ ಆಸ್ಪತ್ರೆಗೂ ಓಡಾಡಿತು. ಕೊನೆಗೂ ಕೊಡಲಿಲ್ಲ. ಇಂದಿಗೆ ಬಿಲ್ಲಿಂಗ್ ಕೌಂಟರಿನಲ್ಲಿ ನನಗೆ ಹತ್ತು ವರ್ಷ ತುಂಬಿತು. ನನ್ನನ್ನು ತಡೆದವರಿಗೂ, ತಡೆಯುತ್ತಿದ್ದೇವೆಂದು ತಿಳಿಯದೆಯೇ ತಡೆದವರಿಗೂ ನಾಲ್ಕು ಮಾತು ಹೇಳಬೇಕಿದೆ.

ಆಗ ನನ್ನ ಪ್ರಾರ್ಥನೆ ಬತ್ತಿಹೋಗಿತ್ತು. ಭಾನುವಾರ ಆರಾಧನೆಯಲ್ಲಿ ಕಣ್ಣುಮುಚ್ಚಿ ಹಾಡುವ ನಾನು, ಸೋಮವಾರ ಗಾಜಿನ ಆಚೆ ನಿಂತವರ ಮುಖವನ್ನೂ ನೋಡದೆ 'ಮುಂದಿನವರು' ಎನ್ನುತ್ತಿದ್ದೆ. ಒಂದು ದಿನ ಬಿಲ್ಲಿನಲ್ಲಿ ಒಂದೇ ಪರೀಕ್ಷೆಯ ಶುಲ್ಕ ಎರಡು ಸಲ ಬಿದ್ದಿತ್ತು. ಅದನ್ನು ಮೆಲ್ಲಗೆ ತೋರಿಸಿದ ಹಿರಿಯರೊಬ್ಬರ ಮೇಲೆ ರೇಗಿಬಿಟ್ಟೆ. ತಪ್ಪು ನನ್ನದೇ. ಅಂದು ರಾತ್ರಿ, ಈ ಕೆಲಸ ಬಿಟ್ಟು ಚರ್ಚಿನ ಪೂರ್ಣಾವಧಿ ಸೇವೆಗೆ ಹೋಗಬೇಕೆಂದು ದೇವರ ಕರೆ ಬಂದಿದೆ ಎಂದು ತೀರ್ಮಾನಿಸಿದೆ. ಈಗ ಯೋಚಿಸಿದರೆ, ಕರೆದದ್ದು ದಣಿವು.

ಸಭಾಪಾಲಕರೇ, ಮೊದಲ ವಂದನೆ ನಿಮಗೆ. ಆ ಕರೆಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, 'ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು?' ಎಂದಿರಿ. ನನಗೆ ಸಿಟ್ಟೇ ಬಂತು. ನೀವು ಬೈಬಲಿನ ಒಂದನೆಯ ಅರಸುಗಳು ಪುಸ್ತಕದ 19ನೆಯ ಅಧ್ಯಾಯ ತೆರೆದಿರಿ. ಸಾಕು, ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿದ. ಪ್ರವಾದಿ ತಿಂದು ಮತ್ತೆ ಮಲಗಿದ. ಹೋರೇಬ್ ಬೆಟ್ಟದವರೆಗಿನ 40 ದಿನಗಳ ನಡಿಗೆ ಆಮೇಲಿನದು. ಚಿಕ್ಕಂದಿನಿಂದ ಓದಿದ ಅಧ್ಯಾಯ. ಆ 'ಮತ್ತೆ ಮಲಗಿದ' ಎಂಬುದು ಮಾತ್ರ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಏನು ಮಾಡಿದರೂ ಕರ್ತನಿಗೆಂದು ಮನಸ್ಸಿಟ್ಟು ಮಾಡಿ ಎಂಬ ಕೊಲೊಸ್ಸೆಯ ಸಭೆಗೆ ಅಪೊಸ್ತಲ ಪೌಲ ಬರೆದ ಪತ್ರದ ಮಾತನ್ನು (ಕೊಲೊಸ್ಸೆಯವರಿಗೆ 3:23) ನಾನು ಗೋಡೆಯ ಕ್ಯಾಲೆಂಡರುಗಳಲ್ಲಿ ಎಷ್ಟೋ ಸಲ ಓದಿದ್ದೆ. ಅದರ ಹಿಂದಿನ ವಚನವನ್ನೂ ಓದು ಎಂದಿರಿ. ಪೌಲ ಅಲ್ಲಿ ಮಾತನಾಡುತ್ತಿರುವುದು ದಾಸರೊಂದಿಗೆ, ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲದವರೊಂದಿಗೆ. ಅದಾದ ಮೇಲೆ ನನ್ನ ಗೊಣಗಾಟದ ದನಿ ತಗ್ಗಿತು. ನಿಂತಿತು ಎಂದರೆ ಸುಳ್ಳಾಗುತ್ತದೆ.

ಅಭ್ಯಾಸವೊಂದು ಶುರುವಾದದ್ದು ನಮ್ಮ ಹಳೆಯ ಪ್ರಿಂಟರಿನಿಂದ. ಬಿಲ್ ಹೊರಬರಲು ಅದು ಏಳೆಂಟು ಸೆಕೆಂಡು ತೆಗೆದುಕೊಳ್ಳುತ್ತದೆ. ಮೊದಲು ಆ ಹೊತ್ತಿನಲ್ಲಿ ಅದನ್ನು ಶಪಿಸುತ್ತಿದ್ದೆ. ಈಗ ಎದುರಿಗಿರುವವರ ಮುಖ ನೋಡಿ, ಬಿಲ್ಲಿನ ಮೇಲಿನ ಹೆಸರನ್ನು ಮನಸ್ಸಿನಲ್ಲೇ ಓದಿ, 'ಕರ್ತನೇ, ಕರುಣಿಸು' ಎನ್ನುತ್ತೇನೆ. ಅಷ್ಟೇ. ಎಷ್ಟೋ ಸಲ ಮರೆಯುತ್ತೇನೆ, ತಿಂಗಳ ಕೊನೆಯಲ್ಲಂತೂ ಪೂರ್ತಿ. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್ ಎಂಬ ಸನ್ಯಾಸಿಯೊಬ್ಬರಿಗೆ ಅಡುಗೆ ಕೆಲಸವೆಂದರೆ ಸ್ವಭಾವತಃ ಆಗುತ್ತಿರಲಿಲ್ಲವಂತೆ. ಆದರೂ ಪಾತ್ರೆಗಳ ಸದ್ದಿನ ನಡುವೆ ದೇವರೊಂದಿಗೆ ಮಾತನಾಡುವುದನ್ನು ಕಲಿತರು. ಆ 'ಆಗುತ್ತಿರಲಿಲ್ಲ' ಎಂಬುದೇ ನನಗೆ ಹೆಚ್ಚು ಸಮಾಧಾನ ಕೊಟ್ಟಿತು.

ಮೂರು ತಿಂಗಳು ನನ್ನ ರಾತ್ರಿ ಪಾಳಿಗಳನ್ನು ತಾನು ವಹಿಸಿಕೊಂಡ ಸಹೋದ್ಯೋಗಿ ತಂಗಿಗೆ ನಮ್ಮ ಎಲೀಯ ಯಾರೆಂದು ಗೊತ್ತಿಲ್ಲ. ತಂಗೀ, ಆ ದೇವದೂತನ ಕೆಲಸ ಮಾಡಿದವಳು ನೀನು. ಪತ್ರ ಕಂಡರೂ ಕಾಣದವಳಂತೆ ದಿನವೂ ಡಬ್ಬಿ ತುಂಬಿ ಅದೇ ಚೀಲದಲ್ಲಿಟ್ಟ ನನ್ನ ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳುತ್ತೇನೆ.

ಆ ಹಿರಿಯರು ಎರಡು ತಿಂಗಳ ಬಳಿಕ ಮತ್ತೆ ಬಂದರು. ಕೌಂಟರಿನಿಂದ ಎದ್ದು ಹೊರಗೆ ಹೋಗಿ ಕ್ಷಮೆ ಕೇಳಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ಗುರುತು ಹಿಡಿದು, 'ಹೋಗಲಿ ಬಿಡಪ್ಪ, ಅವತ್ತು ನೀನು ಊಟ ಮಾಡಿರಲಿಲ್ಲವೇನೋ' ಎಂದರು.