ಪಿಯು ಪಠ್ಯಕ್ಕೆ ಸ್ನಾಯುವಿನ ಜೀನ್ ಪಾಠ ಬೇಕು

ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ ಜೀನ್ ನಿಯಂತ್ರಣಕ್ಕೆ ವಿವರವಾದ ಉದಾಹರಣೆಯಾಗಿ ಸಿಗುವುದು ಬ್ಯಾಕ್ಟೀರಿಯಾದ ಲ್ಯಾಕ್ ಒಪೆರಾನ್ (ಲ್ಯಾಕ್ಟೋಸ್ ಸಕ್ಕರೆ ಬಳಸಲು ಬೇಕಾದ ಜೀನ್‌ಗಳ ಗುಂಪು) ಮಾತ್ರ. ಒಂದೇ ಡಿಎನ್‌ಎ ಹೊತ್ತ ಕೋಶಗಳಲ್ಲಿ ಕೆಲವು ಸ್ನಾಯುವಾಗಿ, ಕೆಲವು ಚರ್ಮವಾಗಿ ಬೆಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಉತ್ತರದ ಎಳೆ ಸಿಕ್ಕಿದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಹೆರಾಲ್ಡ್ ವೈನ್‌ಟ್ರಾಬ್ ಅವರ ತಂಡ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ‘ಮಯೋ–ಡಿ’ ಎಂಬ ಒಂದೇ ಜೀನಿನ ಸಿಡಿಎನ್‌ಎ (ಆರ್‌ಎನ್‌ಎಯಿಂದ ತಯಾರಿಸಿದ ಡಿಎನ್‌ಎ ಪ್ರತಿ) ಸೇರಿಸಿದಾಗ ಇಲಿಯ ಫೈಬ್ರೊಬ್ಲಾಸ್ಟ್‌ಗಳು, ಅಂದರೆ ಸಂಯೋಜಕ ಅಂಗಾಂಶದ ಕೋಶಗಳು, ಸ್ನಾಯುವಿನ ಪೂರ್ವಕೋಶಗಳಾದವು. ಮಯೋ–ಡಿ ಪ್ರೋಟೀನು ‘ಇ’ ಎಂಬ ಜೊತೆಗಾರ ಪ್ರೋಟೀನಿನೊಂದಿಗೆ ಜೋಡಿಯಾಗಿ, ಡಿಎನ್‌ಎಯ ಆರು ಅಕ್ಷರಗಳ ‘ಇ–ಬಾಕ್ಸ್’ ತಾಣಕ್ಕೆ ಅಂಟಿಕೊಂಡು ಸ್ನಾಯುವಿನ ಜೀನ್‌ಗಳನ್ನು ಚಾಲನೆಗೊಳಿಸುತ್ತದೆ. ಕೋಶ ಬೆಳೆಸುವ ದ್ರವದಲ್ಲಿ ಸೀರಮ್ (ರಕ್ತದಿಂದ ಪಡೆದ, ಕೋಶಗಳ ಬೆಳವಣಿಗೆಗೆ ನೆರವಾಗುವ ದ್ರವ) ಹೆಚ್ಚಿದ್ದರೆ ಈ ಕೆಲಸ ನಡೆಯದು: ‘ಐಡಿ’ ಎಂಬ ತಡೆಯೊಡ್ಡುವ ಪ್ರೋಟೀನು ಆ ‘ಇ’ ಜೊತೆಗಾರನನ್ನೇ ಸೆಳೆದುಕೊಳ್ಳುತ್ತದೆ, ಕೋಶಗಳು ಬೆಸೆದು ನಾರಾಗುವ ಬದಲು ವಿಭಜಿಸುತ್ತಲೇ ಇರುತ್ತವೆ. ಆದ್ದರಿಂದಲೇ ಪ್ರಯೋಗಾಲಯಗಳಲ್ಲಿ ಸೀರಮನ್ನು ಸಾಮಾನ್ಯವಾಗಿ ಶೇ 2ರ ಆಸುಪಾಸಿಗೆ ಇಳಿಸುತ್ತಾರೆ.

ಮುಂದಿನ ಫಲಿತಾಂಶ ಇನ್ನೂ ಮುಖ್ಯ. ಮಯೋ–ಡಿ ತೆಗೆದ ಇಲಿಗಳಲ್ಲೂ ಸ್ನಾಯು ಬೆಳೆಯಿತು. ‘ಮಿಫ್–5’ ಜೀನ್ ಆ ಹೊಣೆ ಹೊತ್ತಿತ್ತು. ಎರಡನ್ನೂ ತೆಗೆದಾಗ ಮಾತ್ರ ಮರಿಗಳಲ್ಲಿ ಅಸ್ಥಿಸ್ನಾಯು (ಮೂಳೆಗಳಿಗೆ ಅಂಟಿಕೊಂಡ ಸ್ನಾಯು) ಕಾಣಿಸಲಿಲ್ಲ. ಒಂದು ಜೀನ್ ಕೆಟ್ಟರೆ ಒಂದು ಅಂಗ ಕೆಟ್ಟಿತೆಂದು ನಂಬುವ ವಿದ್ಯಾರ್ಥಿಗಳಿಗೆ ಇದು ತಿಳಿಯಲೇಬೇಕು.

ಪಠ್ಯ ಪರಿಷ್ಕರಣೆಗೆ ಕಾಯದೆ, ಶಿಕ್ಷಣ ಇಲಾಖೆ ಈ ಪ್ರಯೋಗಗಳನ್ನು ಚಿತ್ರಸಹಿತ ಎರಡು ಪುಟಗಳ ಕನ್ನಡ ಪೂರಕ ಓದಾಗಿ ಈ ವರ್ಷವೇ ಎಲ್ಲ ಪಿಯು ಕಾಲೇಜುಗಳಿಗೆ ಕಳುಹಿಸಲಿ.

– ಜೀವಶಾಸ್ತ್ರ ಉಪನ್ಯಾಸಕ, ಧಾರವಾಡ