ಸೀಲ್ ಬದಲಿಸುವ ಮೊದಲು ರಿಟರ್ನ್ ಪೈಪ್ ನೋಡಿ

ಮಾನ್ಯ ಸಂಪಾದಕರೇ,

ಡೀಸೆಲ್ ಟ್ರಕ್ಕಿನ ವ್ಯಾಕ್ಯೂಮ್ ಪಂಪ್‌ನಿಂದ ಆಯಿಲ್ ಸೋರುತ್ತಿದೆ ಎಂದು ಕೇಳಿದ ಓದುಗರಿಗೆ ನಿಮ್ಮ ವಾಹನ ಪುಟ ‘ಪಂಪ್ ಬದಲಿಸಿ’ ಎಂದು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿದೆ. ನೆಗಡಿ ಬಂತೆಂದು ಮೂಗು ಕೊಯ್ದಂತಾಯಿತು. ಸೋರುವ ಪಂಪ್ ಎಷ್ಟೋ ಸಲ ಒಳಗೆ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಶಾಫ್ಟ್ ಸುತ್ತ ಆಯಿಲ್ ತಡೆಯುವ ಒಂದು ಆಯಿಲ್ ಸೀಲ್, ಇಲ್ಲವೇ ಜೋಡಣೆಯ ನಡುವಿನ ರಬ್ಬರ್ ಬಳೆಯಾದ ಓ ರಿಂಗ್, ಅದೂ ಇಲ್ಲದಿದ್ದರೆ ಎರಡು ತಾಮ್ರದ ವಾಷರ್. ಅವು ಯಾಕೆ ಕೆಟ್ಟವು ಎಂದು ನೋಡದೆ ಹೊಸ ಪಂಪ್ ಕೂರಿಸಿದರೆ ಅದೂ ಸೋರುತ್ತದೆ.

ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ ಗಾಳಿಯನ್ನು ತಡೆಯುವುದರಿಂದ ಮ್ಯಾನಿಫೋಲ್ಡ್‌ನಲ್ಲೇ ನಿರ್ವಾತ ಸಿಗುತ್ತದೆ. ಡೀಸೆಲ್‌ನಲ್ಲಿ ಹಾಗೆ ಸಿಗದ ಕಾರಣ ನಿರ್ವಾತದ ಬಲದಿಂದ ಬ್ರೇಕ್ ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ಬೇರೆಯೇ ವ್ಯಾಕ್ಯೂಮ್ ಪಂಪ್ ಬೇಕು. (ಏರ್ ಬ್ರೇಕ್ ಇರುವ ದೊಡ್ಡ ಲಾರಿಗಳಲ್ಲಿ ಈ ಪಂಪ್ ಇರುವುದಿಲ್ಲ, ಕಂಪ್ರೆಸರ್ ಇರುತ್ತದೆ.) ಕೆಲವು ಗಾಡಿಗಳಲ್ಲಿ ಪಂಪ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಹಿಂಬದಿಯಲ್ಲಿರುತ್ತದೆ, ಕೆಲವದರಲ್ಲಿ ಟೈಮಿಂಗ್ ಗೇರ್‌ನಿಂದಲೋ ಕ್ಯಾಮ್‌ಶಾಫ್ಟ್ ತುದಿಯಿಂದಲೋ ತಿರುಗುತ್ತದೆ. ಒಳಗೆ ನಟ್ಟನಡುವಿನಿಂದ ಒಂದು ಬದಿಗೆ ಸರಿದು ಕೂತ ರೋಟರ್, ಅದರ ಸೀಳುಗಳಲ್ಲಿ ಜಾರುವ ವೇನ್‌ಗಳು ಎಂಬ ಚಪ್ಪಟೆ ಅಲಗುಗಳು. ಎಂಜಿನ್ ಆಯಿಲ್ ಸಣ್ಣ ರಂಧ್ರದ ಮೂಲಕ ಒಳಬಂದು ವೇನ್‌ಗಳನ್ನು ನುಣುಪಾಗಿಡುತ್ತದೆ, ಸಂದುಗಳನ್ನು ಮುಚ್ಚುತ್ತದೆ. ಬೂಸ್ಟರ್‌ನಿಂದ ಎಳೆದ ಗಾಳಿಯೂ ಈ ಆಯಿಲ್ಲೂ ಒಟ್ಟಿಗೆ ದಪ್ಪ ರಿಟರ್ನ್ ಪೈಪ್‌ನಲ್ಲಿ ಚೇಂಬರ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತವೆ.

ಗಾಳಿ ಮತ್ತು ಆಯಿಲ್ ಒಂದೇ ದಾರಿಯಲ್ಲಿ ಹೊರಹೋಗಬೇಕು ಎಂಬುದನ್ನು ಮರೆಯುವುದರಿಂದಲೇ ಅರ್ಧ ರಿಪೇರಿಗಳು ಮತ್ತೆ ಮರಳಿ ಬರುತ್ತವೆ. ಬೂಸ್ಟರ್‌ನ ಹೋಸ್ ಎಲ್ಲಾದರೂ ಸೀಳಿದ್ದರೆ ಪಂಪ್ ನಿಲ್ಲದೆ ಹೊರಗಿನ ಗಾಳಿ ಎಳೆಯುತ್ತಿರುತ್ತದೆ. ಆ ಗಾಳಿಯೆಲ್ಲ ರಿಟರ್ನ್ ಪೈಪ್‌ಗೇ ನುಗ್ಗಿದಾಗ ಆಯಿಲ್ ಇಳಿಯಲು ಜಾಗ ಸಾಲದೆ ಪಂಪ್‌ನ ಒಳಗೆ ಒತ್ತಡ ಏರುತ್ತದೆ, ಸೀಲ್ ಬಾಯಿಬಿಡುತ್ತದೆ. ರಿಟರ್ನ್ ಹೋಸ್ ಒಳಗೆ ಮಡ್ಡಿ ಕಟ್ಟಿದ್ದರೂ, ಮಡಚಿಕೊಂಡಿದ್ದರೂ, ಒಳಪದರ ಊದಿ ದಾರಿ ಕಿರಿದಾಗಿದ್ದರೂ ಅದೇ ಕಥೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿದರೆ ಚೇಂಬರ್‌ನಲ್ಲೇ ಒತ್ತಡ ತುಂಬಿ ಪಂಪ್‌ನ ಆಯಿಲ್ ಕೆಳಗಿಳಿಯುವುದಿಲ್ಲ. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿಸಿ ಆಯಿಲ್ ತುಂಬಿಸಿದರೆ, ರಿಟರ್ನ್ ಪೈಪ್ ಚೇಂಬರ್‌ನ ಕೆಳಮಟ್ಟದಲ್ಲಿ ಸೇರುವ ಎಂಜಿನ್‌ಗಳಲ್ಲಿ ಅದರ ಬಾಯಿ ಮುಳುಗುತ್ತದೆ. ‘ಸೋರುತ್ತದಲ್ಲ, ಒಂದು ಲೀಟರ್ ಜಾಸ್ತಿಯೇ ಇರಲಿ’ ಎಂದು ಸುರಿಯುವವರು ಸೋರಿಕೆಯನ್ನು ತಾವೇ ಹೆಚ್ಚಿಸುತ್ತಾರೆ.

ಆದ್ದರಿಂದ ಪಾನಾ ಹಿಡಿಯುವ ಮೊದಲು ಆಯಿಲ್ ಮಟ್ಟ ನೋಡಿ, ಬ್ರೀದರ್ ಪೈಪ್ ಬಿಚ್ಚಿ ಊದಿ ನೋಡಿ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ. ಸ್ವಲ್ಪ ಹೊಗೆಯಾಡುವುದು ಸಹಜ. ಮುಚ್ಚಳ ಕುಣಿಯುವಷ್ಟು ಜೋರಾಗಿ ಗಾಳಿ ಬರುತ್ತಿದ್ದು ಬ್ರೀದರ್ ಸ್ವಚ್ಛವಾಗಿದ್ದರೆ ಪಿಸ್ಟನ್ ರಿಂಗ್‌ಗಳು ಸವೆದಿರುವ ಅನುಮಾನ ಪಡಬೇಕು. ಅಂಥ ಎಂಜಿನ್‌ಗೆ ಎಂಥ ಸೀಲ್ ಹಾಕಿದರೂ ಬಾಳುವುದಿಲ್ಲ.

ಇನ್ನು ಸೋರುತ್ತಿರುವುದು ಪಂಪೇ ಹೌದೇ? ಟ್ಯಾಪೆಟ್ ಕವರ್‌ನ ಪ್ಯಾಕಿಂಗ್‌ನಿಂದಲೋ ಟರ್ಬೊದ ಆಯಿಲ್ ಪೈಪ್‌ನಿಂದಲೋ ಜಿನುಗಿದ್ದು ಇಳಿದು ಪಂಪ್‌ನ ಕೆಳಗೆ ತೊಟ್ಟಿಕ್ಕುತ್ತಿರಬಹುದು. ಫ್ಯಾನ್ ಗಾಳಿಗೆ ಅದು ಹಿಂದಕ್ಕೂ ಹರಡುತ್ತದೆ. ತಣ್ಣಗಿನ ಎಂಜಿನ್ ಮೇಲೆ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ, ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ, 10–15 ನಿಮಿಷ ಓಡಿಸಿ. ಮೊದಲು ನೆನೆದ ಜಾಗ, ಅದರಲ್ಲೂ ಎಲ್ಲಕ್ಕಿಂತ ಮೇಲೆ ನೆನೆದ ಜಾಗವೇ ಮೂಲ. ಪಂಪ್‌ನ ಬೆನ್ನಿಗೇ ಪವರ್ ಸ್ಟೀರಿಂಗ್ ಪಂಪ್ ಇರುವ ಎಂಜಿನ್‌ಗಳಲ್ಲಿ ಬಣ್ಣವನ್ನೂ ನೋಡಬೇಕು. ಎರಡರ ನಡುವಿನ ಸಂದಿನಿಂದ ಕಪ್ಪು ಆಯಿಲ್ ಬಂದರೆ ವ್ಯಾಕ್ಯೂಮ್ ಪಂಪ್‌ನ ಸೀಲ್. ಕೆಂಪಗೋ ತಿಳಿಯಾಗಿಯೋ ಇದ್ದರೆ ಸ್ಟೀರಿಂಗ್ ಪಂಪ್‌ನದು.

ಆಲ್ಟರ್ನೇಟರ್ ಬೆನ್ನಿನ ಪಂಪ್ ಬಿಚ್ಚುವಾಗ ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ತೆಗೆಯುವುದು. ಆಲ್ಟರ್ನೇಟರ್‌ನ ದಪ್ಪ ವೈರ್‌ನಲ್ಲಿ ಕೀಲಿ ತೆಗೆದಿದ್ದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಆಯಿಲ್ ಬರುವ ಪೈಪ್‌ನ ಬ್ಯಾಂಜೊ ಬೋಲ್ಟ್ (ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟ್) ಬಿಚ್ಚಿದಾಗ ಅದರ ರಂಧ್ರ ನೋಡಿ. ಕೆಲವು ಮಾದರಿಗಳಲ್ಲಿ ಆಯಿಲ್‌ನ ಪ್ರಮಾಣ ಹಿಡಿದಿಡುವುದೇ ಆ ಸಣ್ಣ ರಂಧ್ರ. ಹಿಂದೆ ಯಾರೋ ಕೈಗೆ ಸಿಕ್ಕ ದೊಡ್ಡ ರಂಧ್ರದ ಬೋಲ್ಟ್ ಹಾಕಿದ್ದರೆ ಪಂಪ್‌ನಲ್ಲಿ ಆಯಿಲ್ ತುಂಬಿ ತುಳುಕುತ್ತದೆ.

ಆಲ್ಟರ್ನೇಟರ್ ಇಳಿಸಿದ ಮೇಲೆ ಪಂಪ್ ಕವಚ ಕೂತಿದ್ದ ದಿಕ್ಕಿಗೆ ಗುರುತು ಹಾಕಿಕೊಂಡು ಬೋಲ್ಟ್ ಬಿಚ್ಚಿ. ಕವಚದ ಓ ರಿಂಗ್ ದುಂಡಗಿರದೆ ಚಪ್ಪಟೆಯಾಗಿ, ಉಗುರು ಊರಿದರೆ ಗಟ್ಟಿಯಾಗಿ ಸಿಕ್ಕಿದರೆ ಅದರ ಆಯಸ್ಸು ಮುಗಿದಿದೆ. ಹೊಸದು ಅದೇ ದಪ್ಪ, ಅದೇ ವ್ಯಾಸದ್ದಾಗಿರಲಿ. ಬಿಸಿ ಹೆಚ್ಚಿರುವ ಈ ಜಾಗಕ್ಕೆ ನೈಟ್ರೈಲ್ ರಬ್ಬರ್‌ಗಿಂತ ವಿಟಾನ್ ಒಳ್ಳೆಯದು. ನೈಟ್ರೈಲ್ ಸುಮಾರು 100–120 ಡಿಗ್ರಿ ಸೆಲ್ಸಿಯಸ್‌ಗೆ ಸೋತರೆ ವಿಟಾನ್ 200ರ ಹತ್ತಿರದವರೆಗೂ ತಾಳುತ್ತದೆ.

ಶಾಫ್ಟ್ ಸೀಲ್ ಕೀಳುವಾಗ ಸ್ಕ್ರೂಡ್ರೈವರ್ ಮೊನೆ ಸೀಲ್ ಕೂರುವ ಗೋಡೆಗೆ ಗೀರು ಹಾಕಬಾರದು. ಆ ಗೀರೇ ಮುಂದಿನ ಸೋರಿಕೆಯ ಕಾಲುವೆ. ಶಾಫ್ಟ್ ಮೇಲೆ ಸೀಲ್‌ನ ತುಟಿ ಉಜ್ಜಿದ ಕಡೆ ಬೆರಳುಗುರು ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಕೊರಕಲು ಬಿದ್ದಿದೆ, ಹೊಸ ಸೀಲ್ ಅದೇ ಜಾಗದಲ್ಲಿ ಕೂತರೆ ಹಿಡಿಯುವುದಿಲ್ಲ. ಗೂಡಿನಲ್ಲಿ ಜಾಗವಿದ್ದರೆ ಸೀಲನ್ನು ಒಂದು ಮಿಲಿಮೀಟರ್ ಆಚೀಚೆ ಕೂರಿಸಬಹುದು, ಇಲ್ಲವೇ ಶಾಫ್ಟ್‌ಗೆ ತೆಳು ಸ್ಲೀವ್ ಹಾಕಿಸಬೇಕು. ಸೀಲ್‌ನ ಸ್ಪ್ರಿಂಗ್ ಕಾಣುವ ಮುಖ ಆಯಿಲ್ ಇರುವ ಕಡೆಗೆ. ಹೊರವ್ಯಾಸಕ್ಕೆ ಹೊಂದುವ ಸಾಕೆಟ್ ಇಟ್ಟು ನೇರವಾಗಿ ಒತ್ತಿ, ಓರೆಯಾದರೆ ತೆಗೆದು ಮತ್ತೆ ಕೂರಿಸಿ. ರಬ್ಬರ್ ತುಟಿಗೆ ಶುದ್ಧ ಆಯಿಲ್ ಸವರಬೇಕು. ಟೆಫ್ಲಾನ್ ತುಟಿಯ ಸೀಲನ್ನು ಸಾಮಾನ್ಯವಾಗಿ ಒಣಗಿದ್ದಂತೆಯೇ ಹಾಕಬೇಕು, ಪೊಟ್ಟಣದ ಮೇಲಿನ ಸೂಚನೆ ಓದಿ. ಶಾಫ್ಟ್ ತುದಿಯ ಸ್ಪ್ಲೈನ್‌ನ ಹಲ್ಲುಗಳಿಗೆ ತೆಳು ಟೇಪ್ ಸುತ್ತಿ ಸೀಲ್ ದಾಟಿಸಿ, ಆಮೇಲೆ ಟೇಪ್ ಕಿತ್ತುಹಾಕಿ. ಹೊಸ ಸೀಲ್ ಮೊದಲ ದಿನವೇ ಸೋರಿದರೆ ತುಟಿಯನ್ನು ಆ ಹಲ್ಲುಗಳು ಸೀಳಿರುವ ಸಾಧ್ಯತೆಯೇ ಹೆಚ್ಚು.

ವೇನ್‌ಗಳ ದುಂಡನೆಯ ಅಂಚು ಹೊರಗೋಡೆಯ ಕಡೆಗೆ, ಚಪ್ಪಟೆ ಅಂಚು ಒಳಕ್ಕೆ. ತಿರುಗಾಮುರುಗಾ ಆದರೆ ಸೋರಿಕೆ ನಿಲ್ಲಬಹುದು, ನಿರ್ವಾತ ಮಾತ್ರ ಸಿಗುವುದಿಲ್ಲ. ಜೋಡಿಸಿದ ಮೇಲೆ ಆಯಿಲ್ ಬರುವ ರಂಧ್ರದಲ್ಲಿ ಸುಮಾರು 5 ಮಿಲಿಲೀಟರ್ ಎಂಜಿನ್ ಆಯಿಲ್ ಬಿಟ್ಟು ಪುಲ್ಲಿಯನ್ನು ಕೈಯಿಂದ ತಿರುಗಿಸಿ, ತಡವರಿಸದೆ ತಿರುಗಬೇಕು. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಬಿಗಿತದ ಲೆಕ್ಕ ಆಯಾ ಗಾಡಿಯ ಮ್ಯಾನ್ಯುಯಲ್‌ನದ್ದೇ ಅಂತಿಮ. ಅಲ್ಯೂಮಿನಿಯಂ ಕವಚದ ಎಂ6 ಬೋಲ್ಟ್ ಸಾಮಾನ್ಯವಾಗಿ 8–10 ನ್ಯೂಟನ್ ಮೀಟರ್‌ಗಿಂತ ಹೆಚ್ಚು ಕೇಳುವುದಿಲ್ಲ. ಬ್ಯಾಂಜೊ ಬೋಲ್ಟ್‌ನ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕಿ, ಹಳೆಯದನ್ನು ತಿರುಗಿಸಿ ಹಾಕುವ ಚಾಳಿ ಬೇಡ.

ಓ ರಿಂಗ್ ಇರುವ ಕಡೆ ಸಿಲಿಕೋನ್ ಗಮ್ ಹಚ್ಚುವುದನ್ನಂತೂ ದಯವಿಟ್ಟು ನಿಲ್ಲಿಸಬೇಕು. ಒಳಕ್ಕೆ ಹಿಂಡಿದ ಗಮ್ ತುಣುಕಾಗಿ ಕಳಚಿ ರಿಟರ್ನ್ ದಾರಿಗೆ ಅಡ್ಡಬೀಳುತ್ತದೆ. ರಿಟರ್ನ್‌ಗೆ ಆಯಿಲ್ ತಾಳುವ ಹೋಸ್ ಬೇಕು. ರೇಡಿಯೇಟರ್ ಹೋಸ್‌ನ ತುಂಡು ಬೇಡ, ಅದರ ರಬ್ಬರ್ ಎಂಜಿನ್ ಆಯಿಲ್‌ಗೆ ಊದಿಕೊಳ್ಳುತ್ತದೆ. ಪಂಪ್‌ನಿಂದ ಚೇಂಬರ್‌ವರೆಗೆ ಹೋಸ್ ಇಳಿಜಾರಾಗಿಯೇ ಇರಲಿ, ನಡುವೆ ಜೋಲು ಬಿದ್ದರೆ ಅಲ್ಲಿ ಆಯಿಲ್ ನಿಲ್ಲುತ್ತದೆ.

ಸೀಲ್ ಸೋತ ಪಂಪ್‌ನಿಂದ ಆಯಿಲ್ ಆಲ್ಟರ್ನೇಟರ್ ಒಳಗೆ ಹೋಗಿರುತ್ತದೆ. ಬ್ರಷ್‌ಗಳು ಉಜ್ಜುವ ಸ್ಲಿಪ್ ರಿಂಗ್ ಒರೆಸಿ, ಆಯಿಲ್ ಕುಡಿದ ಬ್ರಷ್‌ಗಳನ್ನು ಬದಲಿಸಿ, 12 ವೋಲ್ಟ್ ಗಾಡಿಯಲ್ಲಿ ಚಾರ್ಜಿಂಗ್ 13.8ರಿಂದ 14.4 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಬೂಸ್ಟರ್‌ನ ಹೋಸ್ ಕಿತ್ತು ಒಳಗೆ ಬೆರಳಾಡಿಸಿ. ಆಯಿಲ್ ಹತ್ತಿದರೆ ಒಂದೇ ದಿಕ್ಕಿಗೆ ಗಾಳಿ ಬಿಡುವ ಚೆಕ್ ವಾಲ್ವ್ ಹಿಡಿಯುತ್ತಿಲ್ಲ: ಎಂಜಿನ್ ನಿಂತಾಗ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಪಂಪ್‌ನ ಆಯಿಲನ್ನೇ ಹಿಂದಕ್ಕೆ ಎಳೆದಿದೆ. ವಾಲ್ವ್ ಬದಲಿಸಿ. ಆಯಿಲ್ ಬೂಸ್ಟರ್‌ವರೆಗೂ ತಲುಪಿದ್ದರೆ ಒಳಗಿನ ರಬ್ಬರ್ ಪೊರೆ (ಡಯಾಫ್ರಮ್) ಊದಿ ಕೆಡುತ್ತದೆ, ಬೂಸ್ಟರ್ ಬದಲಿಸುವುದೇ ಲೇಸು. ಇದು ಬ್ರೇಕಿನ ವಿಷಯ, ಇಲ್ಲಿ ಉಳಿತಾಯ ನೋಡಬಾರದು.

ಸ್ಟಾರ್ಟ್ ಮಾಡಿದ ಮೊದಲ ನಿಮಿಷ ರೇಸ್ ಕೊಡಬೇಡಿ. ಪಂಪ್‌ನ ಬಾಯಿಗೆ ಗೇಜ್ ಜೋಡಿಸಿದರೆ ಐಡಲ್‌ನಲ್ಲಿ, ಸಮುದ್ರಮಟ್ಟದ ಊರುಗಳಲ್ಲಿ, ಸುಮಾರು 600 ಮಿಲಿಮೀಟರ್ ಪಾದರಸದಷ್ಟೋ ಅದಕ್ಕಿಂತ ಹೆಚ್ಚೋ ಬರಬೇಕು. ಎತ್ತರದಲ್ಲಿ ಪ್ರತಿ 300 ಮೀಟರ್‌ಗೆ ಸುಮಾರು 25 ಕಡಿಮೆ ತೋರಿದರೆ ಗಾಬರಿ ಬೇಡ. ಗೇಜ್ ಇಲ್ಲದವರು ಎಂಜಿನ್ ನಿಲ್ಲಿಸಿ, ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಹಾಗೇ ಹಿಡಿದು ಸ್ಟಾರ್ಟ್ ಮಾಡಲಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ರಸ್ತೆಗೆ ಹೋಗಬಾರದು. ಎಲ್ಲ ಸರಿಯಿದ್ದರೆ 50–100 ಕಿಲೋಮೀಟರ್ ಓಡಿಸಿ, ಜೋಡಣೆಗಳನ್ನೂ ಆಯಿಲ್ ಮಟ್ಟವನ್ನೂ ಮತ್ತೊಮ್ಮೆ ನೋಡಿ.

ಪಂಪ್ ಪೂರ್ತಿ ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಒಳಗೋಡೆಯಲ್ಲಿ ಉಗುರಿಗೆ ಸಿಗುವ ಗೀರು, ಮ್ಯಾನ್ಯುಯಲ್ ಹೇಳಿದ ಅಳತೆಗಿಂತ ಸವೆದ ವೇನ್, ಕೈಯಲ್ಲಿ ಅಲುಗಾಡಿಸಿದರೆ ಗಡಗಡ ಎನ್ನುವ ಶಾಫ್ಟ್: ಇವುಗಳಲ್ಲಿ ಒಂದು ಕಂಡರೂ ಸೀಲ್‌ಗೆ ಹಾಕುವ ದುಡ್ಡು ದಂಡ. ಪ್ರಶ್ನೆ ಕೇಳಿದ ಓದುಗರ ಗಾಡಿಯಲ್ಲಿ ಇವು ಇದ್ದವೇ ಎಂದು ನಿಮ್ಮ ಪುಟ ವಿಚಾರಿಸಿಲ್ಲ. ಮುಂದಿನ ಸಂಚಿಕೆಯಲ್ಲಿ ಆ ಉತ್ತರಕ್ಕೆ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಡೀಸೆಲ್ ಮೆಕ್ಯಾನಿಕ್