ರಕ್ತದ ಟೆಸ್ಟ್ ಬೇಕಾದ್ರೆ ಮಾಡ್ಸಿ, ಬಯಾಪ್ಸಿ ಮಾತ್ರ ತಪ್ಪಿಸ್ಬೇಡಿ

ಪ್ರೀತಿಯ ಪುಟ್ಟಿ,

ನಿಮ್ಮ ಮಾವನವ್ರಿಗೆ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿದೆ ಅಂತ ಓದಿ ತುಂಬಾ ಸಂಕಟ ಆಯ್ತು ಕಣಮ್ಮ. ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡುತ್ತೆ ಅಂತ ಯಾರೋ ಹೇಳಿ ಅವ್ರು ಗಡ್ಡೆ ಚೂರು ತೆಗೆದು ನೋಡೋ ಬಯಾಪ್ಸಿ ಬೇಡ, ರಕ್ತದಲ್ಲೇ ಮಾಡೋ ಲಿಕ್ವಿಡ್ ಬಯಾಪ್ಸಿ ಟೆಸ್ಟೇ ಸಾಕು ಅಂತ ಹಟ ಹಿಡಿದಿದಾರೆ ಅಂದ್ಯಲ್ಲ, ಇಷ್ಟು ವರ್ಷ ಲ್ಯಾಬಲ್ಲಿ ಕೆಲ್ಸ ಮಾಡಿರೋ ಚಿಕ್ಕಪ್ಪ ನಾನು, ಇದನ್ನ ಹೇಳ್ದೆ ಸುಮ್ನಿರೋಕಾಗಲ್ಲ.

ಗಡ್ಡೆಯ ಜೀವಕೋಶ ಸತ್ತಾಗ ಅದ್ರ ಡಿಎನ್ಎ ಚೂರುಗಳು ರಕ್ತಕ್ಕೆ ಸೇರ್ತವೆ, ಲಿಕ್ವಿಡ್ ಬಯಾಪ್ಸಿ ಹುಡ್ಕೋದು ಮುಖ್ಯವಾಗಿ ಅದನ್ನೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇಂಥ ಟೆಸ್ಟ್‌ಗೆ ಮೊದಲು ಒಪ್ಪಿಗೆ ಕೊಟ್ಟಿದ್ದೂ ಶ್ವಾಸಕೋಶದ ಕ್ಯಾನ್ಸರ್‌ಗೇ, ಗಡ್ಡೇಲಿ ಇಜಿಎಫ್ಆರ್ ಅನ್ನೋ ಜೀನ್ ಬದಲಾಗಿದ್ಯಾ, ಅಂಥವ್ರಿಗೆ ಕೊಡೋ ಎರ್ಲೋಟಿನಿಬ್ ಮಾತ್ರೆ ಕೊಡ್ಬೋದಾ ಅಂತ ನೋಡೋಕೆ. ಅಂದ್ರೆ ಕ್ಯಾನ್ಸರ್ ಅಂತ ಆಗ್ಲೇ ಗೊತ್ತಾದವ್ರಿಗೆ ಔಷಧಿ ಆರಿಸೋಕೆ, ಗಡ್ಡೆ ಏನು ಅಂತ ತೀರ್ಮಾನ ಮಾಡೋಕಲ್ಲ. ಶ್ವಾಸಕೋಶದ ಗಡ್ಡೆ ಎಲ್ಲಾ ಕ್ಯಾನ್ಸರ್ ಆಗಿರಲ್ಲ, ಟಿಬಿನೂ ಸ್ಕ್ಯಾನಲ್ಲಿ ಹಾಗೇ ಕಾಣ್ಬೋದು, ಕ್ಯಾನ್ಸರ್ರೇ ಆದ್ರೂ ಯಾವ ಜಾತಿದು ಅಂತ ಮೈಕ್ರೋಸ್ಕೋಪಲ್ಲಿ ಗಡ್ಡೆ ಚೂರನ್ನೇ ನೋಡ್ಬೇಕು.

ನಂಗೆ ಜಾಸ್ತಿ ಭಯ ನೆಗೆಟಿವ್ ರಿಪೋರ್ಟ್‌ದು. ಗಡ್ಡೆ ಚಿಕ್ಕದಿದ್ರೆ ರಕ್ತಕ್ಕೆ ಡಿಎನ್ಎ ಬಿಡೋದೇ ಕಮ್ಮಿ, ಕ್ಯಾನ್ಸರ್ ಇದ್ರೂ ಟೆಸ್ಟಲ್ಲಿ ಸಿಗದೇ ಹೋಗ್ಬೋದು. 2024ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಒಪ್ಪಿಗೆ ಸಿಕ್ತಲ್ಲ ಶೀಲ್ಡ್ ಅನ್ನೋ ರಕ್ತದ ಟೆಸ್ಟು, ಅದು 100 ಕ್ಯಾನ್ಸರಲ್ಲಿ 83ನ್ನ ಹಿಡಿಯುತ್ತೆ, ಆದ್ರೆ ಕ್ಯಾನ್ಸರ್ ಆಗೋ ಹಾದೀಲಿರೋ ಗಂಟುಗಳಲ್ಲಿ ಹಿಡಿಯೋದು 100ಕ್ಕೆ 13 ಅಷ್ಟೇ. ಪಾಸಿಟಿವ್ ಬಂದ್ರೆ ಅದಕ್ಕೂ ಕೊಳವೆ ಕ್ಯಾಮೆರಾದಲ್ಲಿ ಕರುಳಿನ ಒಳಗೆ ನೋಡೋ ಕೊಲೊನೋಸ್ಕೋಪಿ ಆಗ್ಲೇಬೇಕು. ವಯಸ್ಸಾದವ್ರ ವಿಷಯದಲ್ಲಿ ಇನ್ನೊಂದಿದೆ, ಅವ್ರ ಬಿಳಿ ರಕ್ತಕಣಗಳಲ್ಲೇ ಜೀನ್ ಬದಲಾವಣೆ ಆಗಿರ್ಬೋದು, ಅದನ್ನ ಗಡ್ಡೇದು ಅಂತ ತಪ್ಪು ತಿಳ್ಕೊಳೋ ಸಾಧ್ಯತೆ ಇದೆ.

ಟ್ಯೂಬ್ ವಿಷಯದಲ್ಲೂ ಎಚ್ಚರ ಬೇಕು, ಇದು ನನ್ ಕೈಯಲ್ಲಿ ಓಡಾಡಿದ ಕೆಲ್ಸ. ಮಾಮೂಲಿ ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ಸುಮ್ನೆ ಇಟ್ಟುಬಿಟ್ರೆ ಬಿಳಿ ಕಣಗಳು ಒಡೆದು ಅವುಗಳ ಡಿಎನ್ಎನೇ ತುಂಬ್ಕೊಳ್ಳುತ್ತೆ, ಗಡ್ಡೇದು ಇದ್ರೂ ಅದ್ರಲ್ಲಿ ಮುಳುಗೋಗುತ್ತೆ, ಅದಕ್ಕೆ ಕೆಲವೇ ಗಂಟೇಲಿ ಪ್ಲಾಸ್ಮಾ, ಅಂದ್ರೆ ರಕ್ತಕಣ ಬಿಟ್ಟು ಉಳಿಯೋ ದ್ರವ, ಬೇರೆ ಮಾಡ್ಬೇಕು, ಇಲ್ಲಾ ಕಣ ಒಡೀದಂತೆ ಕಾಯೋ ಸ್ಪೆಷಲ್ ಟ್ಯೂಬಲ್ಲಿ ತಗೊಂಡು ನಿಧಾನಕ್ಕೆ ತಲೆಕೆಳಗೆ ಮಾಡಿ ಬೆರೆಸ್ಬೇಕು. ಯಾವ ಟ್ಯೂಬು ಅಂತ ಕೇಳೋಕೆ ಸಂಕೋಚ ಪಡ್ಬೇಡ.

ಹಾಗಂತ ಈ ಟೆಸ್ಟ್ ಬೇಡ ಅಂತಿಲ್ಲ, ಇದು ನಿಜವಾಗ್ಲೂ ದೊಡ್ಡ ಉಪಕಾರ. ತೆಗೆದ ಚೂರು ಜೀನ್ ಟೆಸ್ಟ್‌ಗೆ ಸಾಲದಿದ್ರೆ, ರೋಗಿ ಸೂಜಿ ತಡ್ಕೊಳೋ ಸ್ಥಿತೀಲಿ ಇಲ್ದಿದ್ರೆ, ಔಷಧಿ ನಾಟೋದು ನಿಂತ್ರೆ ಇದೇ ದಾರಿ ತೋರ್ಸುತ್ತೆ. ಆಪರೇಷನ್ ಆದ್ಮೇಲೆ ರೋಗ ಮರಳ್ತಿದೆ ಅನ್ನೋದು ಕೆಲವು ಸಲ ಸ್ಕ್ಯಾನ್‌ಗಿಂತ ಮೊದ್ಲೇ ರಕ್ತದಲ್ಲಿ ಗೊತ್ತಾಗುತ್ತೆ.

ಸೂಜಿಯಿಂದ ಹರಡೋದು ತೀರಾ ಅಪರೂಪ, ಡಾಕ್ಟರ್ ಸೂಜಿ ಹೋಗೋ ದಾರಿ ನೋಡ್ಕೊಂಡೇ ಚುಚ್ಚೋದು. ಕೇಳೋದಾದ್ರೆ ಶ್ವಾಸಕೋಶದಿಂದ ಗಾಳಿ ಸೋರೋ ಅಪಾಯ ಎಷ್ಟು, ಸೋರಿದ್ರೆ ಏನ್ ಮಾಡ್ತೀರಿ ಅಂತ ಕೇಳಿ, ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಅದನ್ನ ಮೊದ್ಲೇ ತಿಳಿಸಿ. ಬೀಗರ ಹತ್ರ ನಾನೇ ಮಾತಾಡ್ತೀನಿ, ಅವ್ರು ಸ್ವಲ್ಪ ಸಮಾಧಾನದಲ್ಲಿರೋ ಹೊತ್ತು ನೋಡಿ ಫೋನ್ ಮಾಡು, ಅಷ್ಟ್ರಲ್ಲಿ ಸ್ಕ್ಯಾನ್ ರಿಪೋರ್ಟ್ ಎಲ್ಲಾ ಪುಟದ ಫೋಟೋ ಕಳ್ಸು.

ನಿನ್ನ ಚಿಕ್ಕಪ್ಪ